ಮಲ್ಕಮ್ಮನ ಎಡ ಅಂಗೈ

ಮಲ್ಕಮ್ಮನನ್ನು ನಾನು ಮೊದಲು ಕಂಡದ್ದು ೧೯೪೧ನೇ ಇಸವಿಯ ಆಷಾಢದಲ್ಲಿ, ಕಲಬುರಗಿಯ ಒಂದು ದವಾಖಾನೆಯ ಪಡಸಾಲೆಯಲ್ಲಿ. ಅಂದು ಸೋಮವಾರ, ಬೆಳಿಗ್ಗೆ ಹತ್ತರ ಸುಮಾರು. ಇಂಟರ್ ಪರೀಕ್ಷೆ ಮುಗಿಸಿದ್ದ ನನಗೆ ಅಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸ ಸಿಕ್ಕಿ ಎರಡು ತಿಂಗಳಾಗಿತ್ತು. ರಿಜಿಸ್ಟರು ಉರ್ದುವಿನಲ್ಲಿ, ಡಾಕ್ಟರರ ಮಾತೂ ಉರ್ದುವಿನಲ್ಲಿ, ಬರುವವರ ಮಾತು ಕನ್ನಡ. ಹೀಗಾಗಿ ಹೆಸರು ಬರೆಯುವುದರ ಜೊತೆಗೆ ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ತಿಳಿಸುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು.

ಇಬ್ಬರು ಹೆಣ್ಣುಮಕ್ಕಳು ಬಂದು ಮೇಜಿನ ಮುಂದೆ ನಿಂತರು. ಮುಂದಿದ್ದವಳಿಗೆ ನಲವತ್ತು ದಾಟಿರಬೇಕು. ಹಸಿರು ಇಳಕಲ್ಲು ಸೀರೆ, ಹಣೆಯ ಮೇಲೆ ಒಣಗಿದ ವಿಭೂತಿ, ಸೆರಗಿನ ಒಳಗೆ ಎದೆಯ ಮೇಲೆ ಲಿಂಗದ ಕರಡಿಗೆಯ ಉಬ್ಬು. ಎಡ ಮೊಣಕೈಯನ್ನು ಬಲ ಅಂಗೈಯಲ್ಲಿ ಇಟ್ಟುಕೊಂಡು, ಅದು ಬೇರೆ ಯಾರದೋ ವಸ್ತುವೆಂಬಷ್ಟು ಜೋಪಾನವಾಗಿ ಹಿಡಿದಿದ್ದಳು. ಬಲ ಹೆಗಲು ದುಂಡಗಿತ್ತು. ಎಡ ಹೆಗಲು ಹಾಗಿರಲಿಲ್ಲ. ಎಲುಬಿನ ತುದಿಯೊಂದು ಕುಪ್ಪಸವನ್ನು ಎತ್ತಿ ಹಿಡಿದಿತ್ತು, ಅದರ ಕೆಳಗೆ ತಗ್ಗು ಬಿದ್ದಿತ್ತು.

ಊರು ಆಳಂದ ತಾಲೂಕಿನ ನರೋಣಾ ಎಂದಳು. ಹೆಸರು ಮಲ್ಕಮ್ಮ ಎಂದಳು. ಗಂಡನ ಹೆಸರು ಕೇಳಿದಾಗ ಜೊತೆಯವಳ ಕಡೆ ನೋಡಿದಳು. ಜೊತೆಯವಳು ಆಕೆಯ ನೆಗೆಣ್ಣಿ, ಮೈದುನನ ಹೆಂಡತಿ ಹೀರಾಬಾಯಿ.

"ನೀನರ ಹೇಳ ಬೇ," ಎಂದಳು ಮಲ್ಕಮ್ಮ.

"ನಾ ಹ್ಯಾಂಗ ಹೇಳ್ಲಿ ಯಕ್ಕಾ? ಭಾವನ ಹೆಸರು ನನ್ನ ಬಾಯಾಗ ಬರ್ತದೇನು?" ಎಂದ ಹೀರಾಬಾಯಿ ನನ್ನ ಕಡೆ ತಿರುಗಿದಳು. "ಸಂಪತ್ತಿಗೆ ನಿಮ್ಮ ಉರ್ದುದಾಗ ಏನಂತೀರಿ? ಅದನ್ನ ಬರೀರಿ, ಮುಂದ ರಾಯ ಹಚ್ಚರಿ. ಹೆಸರಿನಾಗ ಅಷ್ಟ ಅದ ನೋಡ್ರಿ, ಮನ್ಯಾಗ ಇಲ್ಲ."

ದೌಲತರಾಯ ಎಂದು ಬರೆದುಕೊಂಡೆ. ಮಲ್ಕಮ್ಮನಿಗೆ ನಗು ಬಂತು. ನಕ್ಕಿದ್ದಕ್ಕೆ ಹೆಗಲು ಅಲುಗಿ, ನಗು ಅರ್ಧಕ್ಕೇ ನಿಂತು, ಮುಖ ಬೆವರಿತು.

ಆದದ್ದನ್ನು ಹೀರಾಬಾಯಿಯೇ ಹೇಳಿದಳು. ಮಳೆಗಾಲದ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುವಾಗ ಮಲ್ಕಮ್ಮ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ನಿಚ್ಚಣಿಕೆ ಹತ್ತುತ್ತಿದ್ದಳು. ನಿಚ್ಚಣಿಕೆ ಜಾರಿತು. ಹೊರಚಾಚಿದ್ದ ತೊಲೆಯ ತುದಿಯನ್ನು ಎಡಗೈಯಿಂದ ಹಿಡಿದು ಮೈಭಾರವೆಲ್ಲ ಅದರ ಮೇಲೆ ಬಿಟ್ಟು ನೇತಾಡಿದಳು. ಕೈ ಬಿಡಲಿಲ್ಲ, ಹೆಗಲು ಬಿಟ್ಟಿತು. ಹೀರಾಬಾಯಿಯ ತವರು ಅಫಜಲಪುರದ ಹತ್ತಿರ. ಅಲ್ಲಿ ಎತ್ತುಗಳ ಮುರಿದ ಕಾಲಿಗೆ ಬಿದಿರು ಕಟ್ಟುವ ಮುದುಕನೊಬ್ಬನಿದ್ದ. ಆತ ಕಟ್ಟಿದ ಮೇಲೆ ಎದ್ದು ನಿಂತು ಗಳೆ ಎಳೆದ ಎತ್ತುಗಳನ್ನು ಹೀರಾಬಾಯಿ ಕಣ್ಣಾರೆ ಕಂಡಿದ್ದಳು. ಅಲ್ಲಿಗೇ ಕರೆದೊಯ್ದಳು. ಎಲುಬು ಮುರಿದಿದೆಯೆಂದು ತಿಳಿದ ಆತ ತೋಳನ್ನು ಬಿದಿರಿನಲ್ಲಿ ಬಿಗಿದು ಇಪ್ಪತ್ತೊಂದು ದಿನ ಬಿಚ್ಚಬೇಡಿರೆಂದ. ಮುರಿದಿರಲಿಲ್ಲ, ಕೀಲು ತಪ್ಪಿತ್ತು.

ನಮ್ಮ ದವಾಖಾನೆಯ ಡಾಕ್ಟರು ಮುಟ್ಟಿ ನೋಡಿ, ಮೊದಲ ದಿನವೇ ಬಂದಿದ್ದರೆ ಎಳೆದು ಕೂಡಿಸಬಹುದಿತ್ತು, ಈಗ ಎಲುಬು ಗೂಡಿನ ಹೊರಗೆ ಮಾಂಸದಲ್ಲಿ ನೆಲೆಯೂರುತ್ತಿದೆ, ಕೊಯ್ದು ತೆರೆದು ಕೂಡಿಸಬೇಕು ಎಂದರು. ಅಂಥ ಕೆಲಸ ಮಾಡುವ ದೊಡ್ಡ ಡಾಕ್ಟರು ಮೂರು ತಿಂಗಳಿಗೊಮ್ಮೆ ಹೈದರಾಬಾದಿನಿಂದ ರೈಲಿನಲ್ಲಿ ಬಂದು ಎರಡು ದಿನ ಇದ್ದು ಹೋಗುತ್ತಿದ್ದರು. ಅವರು ಬರುವುದು ಶ್ರಾವಣದಲ್ಲಿ. ತಡವಾದಷ್ಟೂ ಕೈ ಏಳುವುದು ಕಡಿಮೆಯಾಗುತ್ತದೆ, ತಪ್ಪದೆ ಬರಬೇಕು ಎಂದು ಡಾಕ್ಟರು ಎರಡು ಸಲ ಹೇಳಿದರು. ನಾನೂ ಎರಡು ಸಲ ಹೇಳಿದೆ.

ನೋವಾಗುತ್ತದೆಯೇ ಎಂದು ಮಲ್ಕಮ್ಮ ಕೇಳಲಿಲ್ಲ. ಹೊಲಮನೆಯ ಕೆಲಸದ ಮಾತೂ ಎತ್ತಲಿಲ್ಲ. ಆಕೆ ಕೇಳಿದ್ದು ಒಂದೇ: "ಕೈ ಎಲ್ಲೀಮಟ ಏಳ್ತದ?" ಶ್ರಾವಣದಲ್ಲೇ ಆದರೆ ತಲೆಯವರೆಗೂ ಎದ್ದೀತು ಎಂದು ಡಾಕ್ಟರು ಹೇಳಿದರು. "ತಲೀಮಟ ಯಾಕ್ರಿ," ಎಂದಳು. "ಕಣ್ಣಿನಮಟ ಎದ್ರ ಸಾಕು."

ಆಕೆಯ ಮನೆತನ ಲಿಂಗ ಧರಿಸುವವರದು. ದಿನಾ ಬೆಳಿಗ್ಗೆ ಮಿಂದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಹಿಡಿದು, ಬಲಗೈಯಿಂದ ವಿಭೂತಿ ಹಚ್ಚಿ ಬಿಲ್ವದ ಪತ್ರಿ ಏರಿಸಿ, ರೆಪ್ಪೆ ಬಡಿಯದೆ ನೋಡುತ್ತ ಕೂರುವುದು ಅವರ ಪೂಜೆ. ಅದಾಗದೆ ಮಲ್ಕಮ್ಮ ಬಾಯಿಗೆ ನೀರು ಹಾಕಿದವಳಲ್ಲ. ಎಂಟು ವರ್ಷದವಳಿದ್ದಾಗ ಹಿಡಿದ ರೂಢಿ. ಊರಿನ ಮಠದ ಅಯ್ಯನವರು ಬಲ ಅಂಗೈಯಲ್ಲಿ ಮಾಡಿಕೋ, ದೋಷವಿಲ್ಲ ಎಂದಿದ್ದರು. ಮಾಡಿ ನೋಡಿದ್ದಳು. ಲಿಂಗ ಬಲಗೈಯಲ್ಲಿದ್ದರೆ ಪತ್ರಿ ಏರಿಸಲು ಎಡಗೈ ಬೇಕು, ಎಡಗೈ ಅಲ್ಲಿಯವರೆಗೆ ಬರುತ್ತಿರಲಿಲ್ಲ. ಆಗಿನಿಂದ ಹೀರಾಬಾಯಿ ದಿನಾ ಬೆಳಿಗ್ಗೆ ಎದುರಿಗೆ ಕುಳಿತು ಎಡ ಮೊಣಕೈಯನ್ನು ಕೆಳಗಿನಿಂದ ಎತ್ತಿ ಹಿಡಿಯುತ್ತಿದ್ದಳು. ಆ ಎತ್ತುವಿಕೆಯ ನೋವಿಗೆ ಮಲ್ಕಮ್ಮನ ಕಣ್ಣಲ್ಲಿ ನೀರು ತುಂಬಿ ಲಿಂಗವೇ ಕಾಣುತ್ತಿರಲಿಲ್ಲವಂತೆ. ಮುದುಕನ ಹತ್ತಿರ ಕರೆದೊಯ್ದವಳು ತಾನೆಂಬುದು ಹೀರಾಬಾಯಿಯ ಮನಸ್ಸಿನಲ್ಲಿತ್ತು.

ಶ್ರಾವಣದಲ್ಲಿ ಅವರಿಬ್ಬರೂ ಎರಡು ದಿನ ಮುಂಚೆಯೇ ಬಂದು ವಾರ್ಡು ಸೇರಿದರು. ದೊಡ್ಡ ಡಾಕ್ಟರು ಬಂದರು, ನೋಡಿದರು, ಕೈ ಚೆನ್ನಾಗಿ ಎದ್ದೀತು ಎಂದರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮಲ್ಕಮ್ಮನನ್ನು ಆಪರೇಷನ್ ಕೋಣೆಯ ಬಾಗಿಲಿಗೆ ಕರೆತಂದೆವು. ಕರಡಿಗೆಯ ದಾರ ಎಡ ಹೆಗಲ ಮೇಲಿಂದಲೇ ಇಳಿದಿತ್ತು. ಡಾಕ್ಟರು ಅದನ್ನು ಬೆಳ್ಳಿಯ ಆಭರಣವೆಂದು ತಿಳಿದರು. ಕೊರಳಲ್ಲಿರುವುದನ್ನೆಲ್ಲ ತೆಗೆದು ಮನೆಯವರ ಕೈಗೆ ಕೊಡಲಿ ಎಂದರು.

ನಾನು ಹುಟ್ಟಿದ್ದು ಜೇವರ್ಗಿ ತಾಲೂಕಿನ ಒಕ್ಕಲುತನದ ಮನೆಯಲ್ಲಿ. ನಮ್ಮಲ್ಲಿ ಲಿಂಗ ಧರಿಸುವುದಿಲ್ಲ. ಆದರೆ ಅಕ್ಕಪಕ್ಕದ ಮನೆಗಳಲ್ಲೆಲ್ಲ ನೋಡಿ ಬೆಳೆದವನು. ಅದು ಮೈಯಿಂದ ಬೇರೆಯಾದರೆ ಅವರಿಗೆ ಏನೆಂಬುದು ನನಗೆ ಗೊತ್ತಿತ್ತು. ಡಾಕ್ಟರರಿಗೆ ಒಂದು ಮಾತು ತಿಳಿಸಬಹುದಾಗಿತ್ತು. ಅವರಿಗೆ ಅವಸರವಿತ್ತು, ಇನ್ನೂ ನಾಲ್ವರು ಸಾಲಿನಲ್ಲಿದ್ದರು, ನಾನು ಹೊಸಬ. ಅವರು ಅಂದದ್ದನ್ನಷ್ಟೇ ಕನ್ನಡದಲ್ಲಿ ಹೇಳಿದೆ.

"ತೆಗಿಯೂದಂದ್ರ?" ಎಂದಳು ಮಲ್ಕಮ್ಮ.

"ಬಿಚ್ಚಿ ಇವರ ಕೈಯಾಗ ಕೊಡಬೇಕಂತ್ರಿ ಅವ್ವಾ. ಎಚ್ಚರಾದ ಮ್ಯಾಲ ಮತ್ತ ಕಟ್ಕೋಬಹುದು."

"ಎಚ್ಚರ ಆಗದಿದ್ರ?"

ಆ ಪ್ರಶ್ನೆಯನ್ನು ನಾನು ಡಾಕ್ಟರರಿಗೆ ಹೇಳಲಿಲ್ಲ.

"ಸತ್ತ ಮ್ಯಾಲೂ ಇದನ್ನ ಬಿಚ್ಚಂಗಿಲ್ಲ ತಮ್ಮಾ, ಜೋಡಿನ ಮಣ್ಣಿಗಿಡ್ತಾರ. ಜೀವ ಇದ್ದಾಗ ಬಿಚ್ಚು ಅಂತೀದಿ." ಇಷ್ಟು ಹೇಳಿ ಮೊಣಕೈ ಹಿಡಿದುಕೊಂಡು ವಾರ್ಡಿನ ಕಡೆ ಹೊರಟಳು.

ಹೀರಾಬಾಯಿ ಬೆನ್ನು ಹತ್ತಿ ಅಂಗಲಾಚಿದಳು, ಬೈದಳು. ತಾನೇನು ಜೀವಮಾನವೆಲ್ಲ ಮೊಣಕೈ ಹಿಡಿದುಕೊಂಡು ಕೂರಬೇಕೇ ಎಂದಳು. "ಹಿಡೀಬ್ಯಾಡ," ಎಂದಳು ಮಲ್ಕಮ್ಮ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಗಾಡಿಯಲ್ಲಿದ್ದರು. ಆ ಹೆಂಗಸು ಎಲ್ಲಿ ಎಂದು ಡಾಕ್ಟರು ಕೇಳಿದಾಗ, ಹೆದರಿ ಹೋದಳು ಎಂದು ನಾನು ಹೇಳಿದೆ. ಅವರು ಸಂಜೆಯ ರೈಲಿಗೆ ಹೈದರಾಬಾದಿಗೆ ಹೋದರು.

ಪ್ಯಾರಿಬಿ ಎಂಬ ಆಯಾ ಆ ದವಾಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದವಳು. ಬೆಳಿಗ್ಗೆ ಇದೆಲ್ಲ ನಡೆದಾಗ ಆಕೆ ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದಳು. ಸಂಜೆ ವಿಷಯ ತಿಳಿದು ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಏನ್ ಮುನ್ಶಿ, ಅದು ದಾಗಿನ ಅಲ್ಲ, ಅಕಿ ಜಾನ್ ಅದ. ಸಾಹೇಬರಿಗೆ ಗೊತ್ತಿಲ್ಲ, ಖರೆ. ನಿನಗ ಗೊತ್ತಿತ್ತಲ್ಲ?"

ಹಿಂದೆಯೂ ಲಿಂಗ ಕಟ್ಟಿದವರು ಬಂದಿದ್ದರಂತೆ. ಲಿಂಗವನ್ನು ಮುಷ್ಟಿಯಲ್ಲಿಟ್ಟು ಪಟ್ಟಿ ಸುತ್ತಿದರೆ ಮೈಯ ಮೇಲೇ ಇರುತ್ತದೆ, ಕೊಯ್ಯುವವರಿಗೂ ಅಡ್ಡಿಯಾಗುವುದಿಲ್ಲ. ಕೇಳಿದ್ದರೆ ತಾನೇ ಹೇಳುತ್ತಿದ್ದೆ ಎಂದಳು. ನಾನು ಕೇಳಿರಲಿಲ್ಲ.

ಮರುದಿನ ದೊಡ್ಡ ಡಾಕ್ಟರರಿಗೆ ಉರ್ದುವಿನಲ್ಲಿ ಕಾಗದ ಬರೆದೆ. ಅದು ಆಭರಣವಲ್ಲ, ಏನೆಂದು ವಿವರಿಸಿ, ಬಲ ಮುಷ್ಟಿಯಲ್ಲಿಟ್ಟು ಪಟ್ಟಿ ಕಟ್ಟಬಹುದೇ ಎಂದು ಕೇಳಿದೆ. ಆಕೆ ಹೆದರಿ ಹೋದಳೆಂದು ನಾನು ಹೇಳಿದ್ದು ಸುಳ್ಳೆಂದೂ ಬರೆದೆ. ಇಪ್ಪತ್ತೈದು ದಿನಕ್ಕೆ ಉತ್ತರ ಬಂತು, ನಾಲ್ಕೇ ಸಾಲು. ಬಲಗೈಗೆ ಕಟ್ಟಿಕೊಳ್ಳಲು ತನ್ನ ಅಡ್ಡಿಯಿಲ್ಲ, ಇದನ್ನು ಅಂದೇ ಹೇಳಬೇಕಿತ್ತು, ಕಾರ್ತಿಕದಲ್ಲಿ ಬರುತ್ತೇನೆ, ಕರೆಸಿರಿ ಎಂದಿತ್ತು. ನರೋಣಾಕ್ಕೆ ಹೇಳಿಕಳಿಸಿದೆ.

ಕಾರ್ತಿಕದಲ್ಲಿ ದೊಡ್ಡ ಡಾಕ್ಟರು ಬರಲಿಲ್ಲ. ಯುದ್ಧದ ಕಾಲ. ಅವರನ್ನು ಸೈನ್ಯದ ಕೆಲಸಕ್ಕೆ ತೆಗೆದುಕೊಂಡರು. ಅವರ ಜಾಗಕ್ಕೆ ಯಾರು, ಯಾವಾಗ ಬರುತ್ತಾರೆಂದು ನಮಗಾರಿಗೂ ತಿಳಿದಿರಲಿಲ್ಲ. ಮಲ್ಕಮ್ಮ ಮಾತ್ರ ಗಾಡಿ ಕಟ್ಟಿಸಿಕೊಂಡು ಬರುವಳು. ದವಾಖಾನೆಯ ಮುಂದಿನ ಬೇವಿನ ಗಿಡದ ಕೆಳಗೆ ಕೂರುವಳು. ನಾನು ಹೋಗಿ ಇನ್ನೂ ಸುದ್ದಿಯಿಲ್ಲ ಎನ್ನುವೆನು. ಸ್ವಲ್ಪ ಹೊತ್ತು ಕುಳಿತು ತಿರುಗಿ ಹೋಗುವಳು. ಹೀಗೆ ಮೂರು ಸಲವಾಯಿತು. ಪ್ರತಿ ಸಲವೂ ಆ ಕೈ ತೆಳ್ಳಗಾಗಿರುತ್ತಿತ್ತು. ಬಳೆಗಳು ಮೊಣಕೈವರೆಗೆ ಸಡಿಲವಾಗಿ ಸರಿಯುತ್ತಿದ್ದವು. ಡಾಕ್ಟರು ಎರಡು ಸಲ ಹೇಳಿದ್ದ ಮಾತು ನನ್ನ ಕಿವಿಯಲ್ಲಿತ್ತು.

ಮೂರನೆಯ ಸಲ ಬಂದಾಗ ಆಕೆ ಒಬ್ಬಳೇ ಇದ್ದಳು. ಹೀರಾಬಾಯಿ ಮಗಳ ಬಾಣಂತನಕ್ಕೆ ಹೋಗಿ ಹದಿನೈದು ದಿನವಾಗಿತ್ತು. ಬೆಳಿಗ್ಗೆ ದೌಲತರಾಯನೇ ಮೊಣಕೈ ಹಿಡಿಯುತ್ತಿದ್ದ. ಆತನಿಗೆ ಹೊಲದ ಅವಸರ. ಒಂದು ದಿನ ಎತ್ತು ಕಣ್ಣಿ ಹರಿದುಕೊಂಡ ಸದ್ದಿಗೆ ಆತ ಆ ಕಡೆ ತಿರುಗಿದ, ಹಿಡಿದ ಕೈ ಇಳಿಯಿತು. ಅಂಗೈಯಿಂದ ಉರುಳಿದ ಲಿಂಗವನ್ನು ಮಲ್ಕಮ್ಮ ಬಲಗೈಯಿಂದ ಎದೆಗೆ ಒತ್ತಿ ಹಿಡಿದಳು. ನೆಲಕ್ಕೆ ಬಿದ್ದಿರಲಿಲ್ಲ.

"ಬಿದ್ದಿತ್ತಂದ್ರ ನಾನೂ ಇರ್ತಿರಲಿಲ್ಲ," ಎಂದಳು. ಜೋಳದ ಪೈರಿನ ಮಾತಾಡುವಂತೆಯೇ ಇದನ್ನೂ ಹೇಳಿದಳು. ಆ ದಿನ ಮತ್ತು ಮರುದಿನ ಆಕೆ ಊಟ ಮಾಡಿರಲಿಲ್ಲ. ಆಮೇಲೆ ಗಂಡನ ಕೈ ಬೇಡವೆಂದು ನೆರೆಮನೆಯ ಗುರಮ್ಮ ಎಂಬ ಮುದುಕಿಯನ್ನು ಕರೆಯುತ್ತಿದ್ದಳು. ಆಕೆಗೆ ಬಿಡುವಾಗುವುದು ಮಧ್ಯಾಹ್ನದ ನಂತರ. ಅಲ್ಲಿಯವರೆಗೆ ಇವಳ ಬಾಯಿಗೆ ನೀರಿಲ್ಲ.

ಆಗ ನಾನು ಶ್ರಾವಣದಲ್ಲಿ ಆದದ್ದನ್ನು ಬಿಡಿಸಿ ಹೇಳಿದೆ. ನಾನು ಬಾಯಿ ಬಿಟ್ಟಿದ್ದರೆ ಅಂದೇ ಆಗುತ್ತಿತ್ತು ಎಂದೆ.

"ನಿನಗ ಬಾಯಿ ಬರಲಿಲ್ಲ, ನನಗ ಕೈ ಬರವಲ್ದು," ಎಂದಳು. ಗಾಡಿಯವನನ್ನು ಕರೆದು ಎದ್ದು ಹೋದಳು. ಬರುವ ತಿಂಗಳು ಬರುತ್ತೇನೆ ಎನ್ನಲಿಲ್ಲ.

ಸಂಕ್ರಾಂತಿಯ ನಂತರ ಇನ್ನೊಬ್ಬ ಡಾಕ್ಟರು ಬಂದರು, ವಯಸ್ಸಾದವರು, ಒಂದು ವಾರ ಉಳಿಯುವವರಿದ್ದರು. ಅವರು ರೈಲಿನಿಂದ ಇಳಿದ ದಿನವೇ ಮಲ್ಕಮ್ಮನ ವಿಷಯವನ್ನೆಲ್ಲ ಅವರಿಗೆ ಹೇಳಿದೆ. ನರೋಣಾಕ್ಕೆ ಆಳು ಕಳಿಸಿದೆವು, ಮಲ್ಕಮ್ಮ ಹೀರಾಬಾಯಿಯ ಜೊತೆ ಬಂದಳು. ಹೆಗಲು ತಪ್ಪಿ ಎಂಟನೆಯ ತಿಂಗಳು. ಡಾಕ್ಟರು ಕೈಯನ್ನು ಹಿಡಿದು ತಿರುಗಿಸಿ ನೋಡಿ, ಮಾಡುತ್ತೇನೆ, ಆದರೆ ಮಾತು ಕೊಡಲಾರೆ ಎಂದರು. ಅದನ್ನೂ ಹಾಗೆಯೇ ಆಕೆಗೆ ತಿಳಿಸಿದೆ.

ಆಪರೇಷನ್ ದಿನ ಬೆಳಿಗ್ಗೆ ಹೀರಾಬಾಯಿ ಮೊಣಕೈ ಹಿಡಿದಳು, ಪೂಜೆ ಆಯಿತು. ಪ್ಯಾರಿಬಿ ಕುದಿಸಿ ಒಣಗಿಸಿದ ಬಟ್ಟೆ ತಂದಳು. ತಾನು ಮುಟ್ಟದೆ ದೂರ ನಿಂತು, ಹೇಗೆ ಸುತ್ತಬೇಕೆಂದು ಹೀರಾಬಾಯಿಗೆ ತೋರಿಸಿದಳು. ಲಿಂಗ ಬಲ ಅಂಗೈಗೆ ಬಂತು, ಬೆರಳು ಮುಚ್ಚಿಕೊಂಡವು. ಆಮೇಲೆ ಮುಷ್ಟಿಯ ಮೇಲೆ ಪ್ಯಾರಿಬಿ ಪಟ್ಟಿ ಸುತ್ತಿದಳು.

"ಬಿಗಿ ಆಯ್ತೇನು ಬಾಯಿ?"

"ಇನ್ನೊಂದೀಟು ಬಿಗಿ ಹಾಕ ಯವ್ವಾ."

ಮೂರು ತಾಸು ಹಿಡಿಯಿತು. ಹೊರಬಂದ ಡಾಕ್ಟರು ಎಲುಬು ಗೂಡಿಗೆ ಬಂದಿದೆ ಎಂದರು. ಆದರೆ ಗೂಡು ಸವೆದಿದೆ, ಸುತ್ತಲಿನ ಮಾಂಸ ಒಣಗಿದೆ, ಕೈ ಅರ್ಧ ಎದ್ದರೆ ದೊಡ್ಡದು. ಐದಾರು ತಿಂಗಳ ಹಿಂದೆ ಆಗಿದ್ದರೆ ಪೂರ್ತಿ ಏಳುತ್ತಿತ್ತು ಎಂದೂ ಹೇಳಿದರು. ಹೀರಾಬಾಯಿಗೆ ಎಲ್ಲವನ್ನೂ ಹೇಳಿದೆ, ಆ ಕೊನೆಯ ಮಾತನ್ನೂ ಬಿಡಲಿಲ್ಲ.

ಎಚ್ಚರವಾದಾಗ ಮಲ್ಕಮ್ಮ ಮೊದಲು ನೋಡಿದ್ದು ಬಲ ಮುಷ್ಟಿ. ಪಟ್ಟಿ ಬಿಚ್ಚಿಸಿಕೊಂಡು ಕರಡಿಗೆಯನ್ನು ಕೊರಳಿಗೆ ಹಾಕಿಸಿಕೊಂಡಳು. ಎಡಗೈಯನ್ನು ಹೆಗಲಿನಿಂದ ಬೆರಳಿನ ತುದಿಯವರೆಗೆ ಮೈಗೆ ಬಿಗಿದು ಕಟ್ಟಿದ್ದರು. ನಾಲ್ಕು ವಾರ ಹಾಗೇ ಇರಬೇಕು. ಮರುದಿನ ಬೆಳಿಗ್ಗೆ ಗಂಜಿ ತಂದಾಗ ತಲೆ ಅಲ್ಲಾಡಿಸಿದಳು. ಅಂಗೈ ಕಟ್ಟಿನೊಳಗಿತ್ತು, ಪೂಜೆ ಇಲ್ಲ, ಗಂಜಿ ಇಲ್ಲ. ಸಂಜೆಗೆ ಜ್ವರ ಏರಿತು. ತುಟಿ ಒಡೆದಿತ್ತು. ಅದರ ಮರುದಿನವೂ ಅದೇ. ಬಲಗೈಯಲ್ಲಾದರೂ ಹಿಡಿ, ಪತ್ರಿ ತಾನು ಏರಿಸುತ್ತೇನೆ ಎಂದು ಹೀರಾಬಾಯಿ ಕಾಲು ಹಿಡಿದಳು. ತನ್ನ ಪೂಜೆಯನ್ನು ಇನ್ನೊಬ್ಬರು ಮಾಡಿದರೆ ಅದು ಅವರ ಪೂಜೆ ಎಂದು ಮಲ್ಕಮ್ಮ ಮುಖ ತಿರುಗಿಸಿದಳು.

ವಯಸ್ಸಾದ ಡಾಕ್ಟರು ಆ ಸಂಜೆ ಹೊರಡುವವರಿದ್ದರು. ನಾನು ಅವರು ಉಳಿದಿದ್ದ ಬಂಗಲೆಗೆ ಓಡಿದೆ. ಯಾವ ಅಂಗೈ, ಯಾಕೆ ಅದೇ ಆಗಬೇಕು, ಎಷ್ಟು ಎತ್ತರದಲ್ಲಿರಬೇಕು, ಎಲ್ಲ ಹೇಳಿದೆ. ಅವರು ಕೋಪಗೊಳ್ಳದೆ ಪೂರ್ತಿ ಕೇಳಿದರು. ಹೊಕ್ಕುಳಿನ ಮೇಲಿದ್ದರೆ ನಡೆದೀತೇ ಎಂದು ಕೇಳಿದರು. ನಡೆಯುತ್ತದೆ, ಲಿಂಗ ಹೊಕ್ಕುಳಿನ ಕೆಳಗೆ ಮಾತ್ರ ಇಳಿಯಬಾರದು ಎಂದೆ. ಬಂದು ಮಣಿಕಟ್ಟಿನಿಂದ ಮುಂದಿನ ಕಟ್ಟನ್ನು ಕತ್ತರಿಸಿ, ಬಿಗಿದ ತೋಳನ್ನು ಅಲುಗಿಸದೆ ಅಂಗೈಯಷ್ಟನ್ನು ಮೇಲ್ಮುಖ ಮಾಡಿಟ್ಟರು. ಅದು ಹೊಕ್ಕುಳಿಗಿಂತ ನಾಲ್ಕು ಬೆರಳು ಮೇಲೆ ಬಂತು. ಪ್ಯಾರಿಬಿ ಬಿಸಿನೀರಿನಿಂದ ಆ ಕೈ ತೊಳೆದು ಹೊರಗೆ ಹೋಗಿ ನಿಂತಳು. ಮೂರನೆಯ ದಿನ ಮಲ್ಕಮ್ಮ ಪೂಜೆ ಮುಗಿಸಿ ಗಂಜಿ ಕುಡಿದಳು.

ನಾಲ್ಕು ವಾರಕ್ಕೆ ಕಟ್ಟು ಬಿಚ್ಚಿದರು. ಕೈ ಮೈಯ ಪಕ್ಕಕ್ಕೆ ಬಿದ್ದು ಅಲ್ಲೇ ಉಳಿಯಿತು. ಗೋಡೆಗೆ ಎದುರಾಗಿ ನಿಂತು, ಎಡಗೈ ಬೆರಳುಗಳನ್ನು ಗೋಡೆಯ ಮೇಲೆ ಒಂದೊಂದಾಗಿ ಏರಿಸುತ್ತ ಹೋಗಬೇಕು, ದಿನಕ್ಕೆ ನೂರು ಸಲ, ನೋವಿಗೆ ನಿಲ್ಲಬಾರದು ಎಂದು ಹೇಳಿ ಮನೆಗೆ ಕಳಿಸಿದರು.

ಆ ಬೇಸಿಗೆಯಲ್ಲಿ ನಾನು ನರೋಣಾಕ್ಕೆ ಹೋದೆ. ನಡುಮನೆಯ ಗೋಡೆಯ ಮೇಲೆ ಹೀರಾಬಾಯಿ ಎಂಟು ದಿನಕ್ಕೊಂದು ಸುಣ್ಣದ ಗೆರೆ ಎಳೆದಿದ್ದಳು. ಮೊದಲ ಗೆರೆಗಳು ಒಂದಕ್ಕೊಂದು ಎರಡು ಬೆರಳು ದೂರ. ಆಮೇಲೆ ಒಂದು ಬೆರಳು. ಕೊನೆಯ ನಾಲ್ಕು ಗೆರೆಗಳು ಒಂದರ ಮೇಲೊಂದು ಬಿದ್ದು ದಪ್ಪ ಪಟ್ಟೆಯಾಗಿದ್ದವು. ಅದು ಆಕೆಯ ಎದೆಗಿಂತ ಕೆಳಗಿತ್ತು. ಗೋಡೆಯ ಆಸರೆಯಿಂದ ಅಷ್ಟು. ಗೋಡೆ ಬಿಟ್ಟರೆ ಕೈ ಹೊಟ್ಟೆಯ ಹತ್ತಿರವೂ ನಿಲ್ಲುತ್ತಿರಲಿಲ್ಲ. ನಾನಿದ್ದಾಗಲೇ ಆಕೆ ಇಪ್ಪತ್ತು ಸಲ ಏರಿಸಿದಳು. ಕುಪ್ಪಸ ಬೆನ್ನಿಗೆ ಅಂಟಿತ್ತು. ಪ್ರತಿ ಸಲವೂ ಆ ಪಟ್ಟೆಯ ಹತ್ತಿರ ಬಂದು ಬೆರಳು ನಡುಗಿ ಕೆಳಗೆ ಜಾರುತ್ತಿತ್ತು.

"ಗೋಡಿ ಸವದ್ರೂ ನಿನ್ನ ಕೈ ಏಳವಲ್ದಲ್ಲ ಯಕ್ಕಾ," ಎಂದಳು ಹೀರಾಬಾಯಿ. ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ. ಹೇಳಿದವಳೇ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

"ಇಷ್ಟಕ್ಕ ನಿಂತ್ರ ನಾ ಏನ್ ಮಾಡ್ಲಿ ತಮ್ಮಾ?" ಎಂದು ಮಲ್ಕಮ್ಮ ನನ್ನನ್ನು ಕೇಳಿದಳು.

ನಾನು ಕಲಬುರಗಿಗೆ ಹಿಂದಿರುಗಿದ ಮೇಲೆ ಆಕೆ ಗೋಡೆಯ ಹತ್ತಿರ ಹೋಗುವುದನ್ನು ಬಿಟ್ಟಳಂತೆ. ಒಂದು ತಿಂಗಳು ಆ ಗೆರೆಗಳಿಗೆ ಬೆನ್ನು ಮಾಡಿ ಮಲಗಿದಳು. ಬೆಳಿಗ್ಗೆ ಹೀರಾಬಾಯಿ ಮೊಣಕೈ ಹಿಡಿದರೆ ಪೂಜೆ, ಆಮೇಲೆ ಅರ್ಧ ರೊಟ್ಟಿ, ಮತ್ತೆ ಹಾಸಿಗೆ. ನೆಗೆಣ್ಣಿಯ ಜೊತೆಗೂ ಮಾತಿಲ್ಲ. ತಿಂಗಳ ನಡುವಿನಿಂದ ಹೀರಾಬಾಯಿ ದಿನಾ ಆ ಗೋಡೆಯ ಮುಂದೆ ನಿಂತು, ತನ್ನ ನೆಟ್ಟಗಿದ್ದ ಎಡಗೈಯ ಬೆರಳುಗಳನ್ನು ಗೆರೆಯಿಂದ ಗೆರೆಗೆ ಏರಿಸುತ್ತ ಎಣಿಸತೊಡಗಿದಳು. ನೂರಕ್ಕೆ ನಿಲ್ಲಿಸುವಳು. ಹನ್ನೆರಡನೆಯ ದಿನ ಮಲ್ಕಮ್ಮ ಎದ್ದು ಬಂದು, "ಸರಿ, ನಿನ್ನ ಕೈಗೇನಾಗ್ಯದ," ಎಂದು ಆಕೆಯನ್ನು ಸರಿಸಿ ತಾನು ನಿಂತಳು.

ಭಾದ್ರಪದದ ಒಂದು ಬೆಳಿಗ್ಗೆ ಮಳೆ ಹಿಡಿದು ಕೊಟ್ಟಿಗೆ ಸೋರುತ್ತಿತ್ತು. ದನ ಬೇರೆ ಕಡೆ ಕಟ್ಟಿ ಹೀರಾಬಾಯಿ ಒಳಗೆ ಬರುವ ಹೊತ್ತಿಗೆ ತಡವಾಗಿತ್ತು. ಬಾಗಿಲಲ್ಲೇ ನಿಂತಳು. ಮಲ್ಕಮ್ಮ ಎಡ ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಿದ್ದಳು. ಅಂಗೈ ಎದೆಯ ಕೆಳಗಿನವರೆಗೆ ಬಂದಿತ್ತು, ನಡುಗುತ್ತಿತ್ತು, ಕಣ್ಣಿಗೆ ಇನ್ನೂ ಎರಡು ಗೇಣು ದೂರವಿತ್ತು. ಆಕೆ ಕೊರಳು ಬಾಗಿಸಿ ಕಣ್ಣನ್ನು ಅಲ್ಲಿಗೆ ಇಳಿಸಿದ್ದಳು. ಹೀರಾಬಾಯಿ ಹಿಡಿಯಲು ಮುಂದೆ ಬಂದಳು, ಮುಟ್ಟದೆ ಪಕ್ಕದಲ್ಲಿ ಕುಳಿತಳು. ಆ ದಿನ ಪೂಜೆ ಎರಡು ನಿಮಿಷವೂ ನಡೆಯಲಿಲ್ಲವಂತೆ. ಇದನ್ನು ನನಗೆ ಹೇಳಿದವಳು ಹೀರಾಬಾಯಿ. ಕಣ್ಣಿನಮಟ ಏಳಲಿಲ್ಲವೆಂಬುದೊಂದೇ ಮಲ್ಕಮ್ಮನ ಮಾತು.

ಇದಾಗಿ ಐದು ವರ್ಷವಾಯಿತು. ಕೈ ಅದಕ್ಕಿಂತ ಮೇಲೆ ಎದ್ದಿಲ್ಲ, ಇನ್ನು ಏಳುವುದಿಲ್ಲ. ತಂಪು ಹಿಡಿದರೆ ಇಡೀ ದಿನ ನೋಯುತ್ತದೆ. ಮಲ್ಕಮ್ಮ ಈಗ ನರೋಣಾದಲ್ಲೇ ಇದ್ದಾಳೆ. ಬೆಳಿಗ್ಗೆ ತಲೆ ಬಾಗಿಸಿ ತನ್ನ ಪೂಜೆ ತಾನೇ ಮಾಡಿಕೊಳ್ಳುತ್ತಾಳೆ, ಆಮೇಲೆ ಪಡಸಾಲೆಯಲ್ಲಿ ಕುಳಿತು ಬಲಗೈಯಿಂದ ಜೋಳದಲ್ಲಿನ ಕಲ್ಲು ಆರಿಸುತ್ತಾಳೆ.